ಸೋಸವ್ವನ ಕೆರೆ

ಕೊಣ್ಣಿಹಾಳದ ತಿಪ್ಪವ್ವಜ್ಜಿಗೆ ಒಂದು ಅಭ್ಯಾಸವಿದೆ. ನೀರು ಕುಡಿಯುವ ಮೊದಲು ಸೆರಗಿನ ತುದಿಯನ್ನು ಮಡಚಿ ಚೊಂಬಿನ ಬಾಯಿಗೆ ಹಿಡಿದು, ಅದರ ಮೂಲಕವೇ ನೀರು ಸುರಿದುಕೊಳ್ಳುತ್ತಾರೆ. ಕೊಡದ ನೀರಾದರೂ ಅಷ್ಟೆ, ನಲ್ಲಿಯ ನೀರಾದರೂ ಅಷ್ಟೆ, ಬಸ್ ಸ್ಟ್ಯಾಂಡಿನ ಅಂಗಡಿಯಿಂದ ತಂದ, ಮುಚ್ಚಳವನ್ನೇ ತೆರೆಯದ ಬಾಟಲಿಯ ನೀರಾದರೂ ಅಷ್ಟೆ. ಕುಡಿದಾದ ಮೇಲೆ ಸೆರಗನ್ನು ನೆಲಕ್ಕೆ ಹಿಂಡುವುದಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಕೆರೆಯ ಮೆಟ್ಟಿಲಿಳಿದು, ಒದ್ದೆಯಾದ ತುದಿಯನ್ನು ಮಗುಚಿ ನೀರಿಗೇ ಜಾಡಿಸಿ ಬರುತ್ತಾರೆ. ಜಾಡಿಸುವ ಮುನ್ನ ಒಮ್ಮೆ ಹಿಂದಕ್ಕೆ ತಿರುಗಿ, ಏರಿಯ ಮೇಲೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತಾರೆ. ಯಾರಾದರೂ ಇದ್ದರೆ ಅವರು ಹೋಗುವವರೆಗೆ ಸೆರಗು ಮುಷ್ಟಿಯಲ್ಲೇ ಇರುತ್ತದೆ. ನಾನು ಮೊದಲ ಸಲ ಹೋದಾಗ ಬಹಳ ಹೊತ್ತು ಮುಷ್ಟಿಯಲ್ಲೇ ಇತ್ತು. ಬ್ಯಾಗಿನಿಂದ ಬಾಟಲಿ ತೆಗೆದು ನಾನು ನೇರವಾಗಿ ಬಾಯಿಗೆ ಹಚ್ಚಿದ್ದನ್ನು ನೋಡಿ, "ಇಂಗ್ಲಿಷ್ ಸಾಲ್ಯಾಗ ನೀರು ಕುಡಿಯೂದು ಹೇಳಿಕೊಡಂಗಿಲ್ಲೇನು ತಂಗಿ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಕಣ್ಣು ಮಾತ್ರ ನನ್ನ ಕೈಯ ಮೇಲೆಯೇ ಇತ್ತು.

ಅಜ್ಜಿ ನೋಡಿಕೊಳ್ಳುವುದು ಕೆರೆಯ ದಂಡೆಯಲ್ಲಿರುವ ಸೋಸವ್ವನ ಗುಡಿಯನ್ನು. ಊರಿನಿಂದ ಕರೇ ಹೊಲಗಳ ನಡುವಿನ ಹಾದಿ ಹಿಡಿದು ಬಂದರೆ ಮೊದಲು ಕಾಣುವುದು ಒಂದು ಕೆಂಪು ಗುಡ್ಡ, ಅದರ ಕಾಲಬುಡದಲ್ಲಿ ಕೆರೆ, ಕೆರೆಗೂ ಗುಡ್ಡಕ್ಕೂ ನಡುವೆ ಈ ಗುಡಿ. ಚಾವಣಿ ಈಚಿನದು, ಗೋಡೆಯೂ ಈಚಿನದೇ. ಹಿಂಬದಿಗೆ ಹೋಗಿ ನೋಡಿದರೆ ಮಾತ್ರ ಬೇರೆಯೇ ಒಂದು ಕಟ್ಟಡದ ಅಡಿಪಾಯ ಮಣ್ಣಿನಿಂದ ಅಷ್ಟಿಷ್ಟು ಮೇಲೆದ್ದಿದೆ. ಅಗಲವಾದ ಹಳೆಯ ಇಟ್ಟಿಗೆಗಳು ಕುದುರೆಯ ಲಾಳದಂತೆ ಬಾಗಿ ಹೋಗಿವೆ. ಒಳಗಿನ ಮೂರ್ತಿಗೆ ಆಯುಧವಿಲ್ಲ, ವಾಹನವಿಲ್ಲ. ಒಂದು ಕಾಲು ಮಡಚಿ, ಇನ್ನೊಂದನ್ನು ಕೆಳಗೆ ಇಳಿಬಿಟ್ಟು ಕುಳಿತ ಹೆಂಗಸು. ಎಡಗೈಯಲ್ಲಿ ನೈದಿಲೆಯ ದಂಟು. ಬಲಗೈ ಮೊಣಕಾಲ ಮೇಲೆ ಅಂಗೈ ತೋರಿಸುತ್ತ ಚಾಚಿದೆ, ಏನನ್ನೋ ಕೊಡುವಂತೆ. ಬಲ್ಲವರು ಇದನ್ನು ಬೌದ್ಧರ ತಾರಾದೇವಿ ಎನ್ನುತ್ತಾರೆ. ಊರಿನವರು ಹಾಗೆನ್ನುವುದಿಲ್ಲ, ಹಾಗೆಂದವರ ಜೊತೆ ವಾದಕ್ಕೂ ಇಳಿಯುವುದಿಲ್ಲ. ಆ ಅಂಗೈಗೆ ಬಿಳಿಯ ಅರಿವೆಯೊಂದನ್ನು ಮಡಚಿ ಕಟ್ಟಿರುತ್ತಾರೆ. ಮಕ್ಕಳಿಗೆ ಹೊಟ್ಟೆ ಕೆಟ್ಟರೆ ತಾಯಂದಿರು ಬಂದು ಅದರ ಮೇಲೆ ಕೆರೆಯ ನೀರು ಸುರಿದು, ಕೆಳಗೆ ಇಳಿದದ್ದನ್ನು ಬಟ್ಟಲಲ್ಲಿ ಹಿಡಿದು ಕುಡಿಸುತ್ತಾರೆ. ಈಗೀಗ ಅದನ್ನು ಮನೆಯಲ್ಲಿ ಕುದಿಸಿಯೂ ಕುಡಿಸುತ್ತಾರೆ. ಅದಕ್ಕೆ ಅಜ್ಜಿಯ ಅಡ್ಡಿಯಿಲ್ಲ.

ಹಿಂದೆ ಒಮ್ಮೆ, ಯಾವ ಅರಸನ ಕಾಲವೆಂದು ಇಲ್ಲಿ ಯಾರೂ ಹೇಳಲಾರರು, ಈ ಇಟ್ಟಿಗೆಗಳ ಮೇಲೆ ಒಂದು ವಿಹಾರವಿತ್ತಂತೆ. ಹತ್ತಿಯ ವರ್ತಕರು ಎತ್ತುಗಳ ಮೇಲೆ ಹೇರು ಹೊರಿಸಿ ಪಡುವಣ ಕಡಲಿನ ಕಡೆ ಹೊರಡುವ ದಾರಿ ಈ ಗುಡ್ಡದ ಬದಿಯಲ್ಲೇ ಹಾಯುತ್ತಿತ್ತು. ಕಳ್ಳರ ಭಯ, ನೀರಿನ ಭಯ ಎರಡನ್ನೂ ತಾರೆ ಕಳೆಯುತ್ತಾಳೆಂದು ನಂಬಿದ್ದ ಅವರು ಇಲ್ಲಿ ದೀಪ ಹಚ್ಚದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ವಿಹಾರ ಕಟ್ಟಿಸಿದ್ದೂ ಅವರೇ. ಆದರೆ ಅದನ್ನು ನಿತ್ಯ ಬಳಸುತ್ತಿದ್ದುದು ಊರು. ಮದುವೆಗೆ, ಹಬ್ಬಕ್ಕೆ ಊರೊಳಗಿನ ಶಿವನ ಗುಡಿ. ಜ್ವರಕ್ಕೆ, ಅಕ್ಷರಕ್ಕೆ, ಹೆರಿಗೆಯ ಹರಕೆಗೆ ವಿಹಾರ. ಭಿಕ್ಷುಗಳು ಅಳಲೆಕಾಯಿ ತೇಯ್ದು ಕೊಡುತ್ತಿದ್ದರು, ಮಕ್ಕಳನ್ನು ಕೂರಿಸಿಕೊಂಡು ಮರಳಿನಲ್ಲಿ ಬರೆಸುತ್ತಿದ್ದರು. ಅವರು ಉಣ್ಣುವ ಹೊತ್ತಿಗೆ ಒಂದು ಮರದ ಹಲಗೆಗೆ ಬಡಿಯುವ ವಾಡಿಕೆಯಿತ್ತು. ಆ ಸದ್ದು ಹೊಲಗಳ ಮೇಲೆ ಹಾಯ್ದು ಬಂದರೆ ಕಳೆ ಕೀಳುವ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಮಳೆಗಾಲದ ತಿಂಗಳುಗಳಲ್ಲಿ ಭಿಕ್ಷುಗಳು ಎಲ್ಲಿಗೂ ಹೋಗುವಂತಿರಲಿಲ್ಲ. ಎಳೆಯ ಹುಲ್ಲು, ಹುಳುಹುಪ್ಪಟೆ ಕಾಲಿಗೆ ಸಿಕ್ಕು ಸಾಯುತ್ತವೆಂದು ಅವರ ಕಟ್ಟಳೆ. ಆ ತಿಂಗಳುಗಳು ಮುಗಿದಾಗ ಊರಿನ ನೇಕಾರರು ಬಟ್ಟೆ ನೇಯ್ದು, ಬಣ್ಣ ಹಾಕಿ, ಅವರಿಗೆ ಹೊದೆಯಲು ಕೊಟ್ಟು ಬರುತ್ತಿದ್ದರು.

ಇಷ್ಟೆಲ್ಲ ಇದ್ದರೂ ಊರಿಗೆ ಅವರ ಮೇಲೆ ಒಳಗೊಳಗೇ ಒಂದು ಅನುಮಾನ ಇದ್ದೇ ಇತ್ತು ಎನ್ನುತ್ತಾರೆ. ಮಧ್ಯಾಹ್ನ ತಿರುಗಿದ ಮೇಲೆ ಇವರು ಯಾಕೆ ಉಣ್ಣುವುದಿಲ್ಲ? ಉಣ್ಣದೆ ಏನು ಮಾಡುತ್ತಾರೆ? ನೇಕಾರರು ಹೊಸ ಬಟ್ಟೆ ಕೊಟ್ಟರೂ ಸುಡುಗಾಡಿನಲ್ಲಿ ಬಿದ್ದ ಚಿಂದಿ ಆಯ್ದು ತಂದು ಹೊಲಿದುಕೊಳ್ಳುತ್ತಾರಲ್ಲ, ಅದು ಯಾಕೆ? ಮನೆಮಠ ಬಿಟ್ಟು ಬಂದವರಿಗೆ ನಮ್ಮ ಮನೆಯ ಮಕ್ಕಳ ಮೇಲೆ ಇಷ್ಟು ಪ್ರೀತಿ ಯಾಕೆ? ಮದ್ದು ಇಸಿದುಕೊಂಡು ಬರುವಾಗ ಯಾರೂ ಇದನ್ನು ಕೇಳುತ್ತಿರಲಿಲ್ಲ. ಮನೆಗೆ ಬಂದು, ಮದ್ದು ಕುಡಿದು, ಗುಣವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು.

ಒಂದು ಮಳೆಗಾಲ ಊರಿಗೆ ವಾಂತಿಭೇದಿ ಬಂತು. ಮೊದಲು ಸತ್ತವರಲ್ಲಿ ನೀರಗಂಟಿ ಮಾಚನೂ ಒಬ್ಬ. ನೀರಗಂಟಿ ಎಂದರೆ ಕೆರೆಯ ತೂಬು ತೆರೆದು ಮುಚ್ಚಿ, ಹೊಲ ಹೊಲಕ್ಕೂ ನೀರು ಹಂಚುವವನು. ಗಂಡ ಹೋದ ಮೇಲೆ ಆ ಕೆಲಸಕ್ಕೆ ಅವನ ಹೆಂಡತಿ ಚಟ್ಟವ್ವೆ ಬಂದಳು. ಅವಳಿಗೆ ಹೊನ್ನಿ ಎಂಬ ಒಬ್ಬಳೇ ಮಗಳು. ಬೆಳಗಿನ ಜಾವ ತೂಬಿನ ಬಳಿ ಬಂದ ಚಟ್ಟವ್ವೆಯ ಕಣ್ಣಿಗೆ ವಿಹಾರದ ಹಿರಿಯ ಭಿಕ್ಷು ಧರ್ಮಾಕರ ಬಿದ್ದ. ಕೆರೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ ಅವನು ಒಂದು ಅರಿವೆಯನ್ನು ಮಗುಚಿ, ಅದರೊಳಗಿನದೇನನ್ನೋ ನೀರಿಗೆ ಜಾಡಿಸುತ್ತಿದ್ದ. ಮರುದಿನವೂ ಹಾಗೆಯೇ ಮಾಡಿದ. ಇಷ್ಟು ಕಾಲ ಗಂಡನ ಕಣ್ಣಿಗೆ ಬೀಳದ್ದು ತನ್ನ ಕಣ್ಣಿಗೇಕೆ ಬಿತ್ತು ಎಂದು ಅವಳು ಯೋಚಿಸಿದಳು. ಬಿದ್ದಿದ್ದರೂ ಅವನು ಯಾರಿಗೂ ಹೇಳಲಿಲ್ಲವೋ ಏನೋ. ಹೇಳದಂತೆ ಯಾರಾದರೂ ಮಾಡಿದರೋ ಏನೋ. ಈ ಕೊನೆಯ ಯೋಚನೆ ಬಂದ ದಿನವೇ ಹೊನ್ನಿ ಹಾಸಿಗೆ ಹಿಡಿದಳು.

ಚಟ್ಟವ್ವೆ ಕಂಡದ್ದು ಕಿವಿಗೆ ಬಿದ್ದದ್ದೇ ಊರಗೌಡ ಕೇತಗೌಡ ಕೆರೆಯ ಏರಿಯ ಮೇಲೆಯೇ ಊರನ್ನು ಕೂಡಿಸಿದ. ಸೇರಿದವರಿಗೆಲ್ಲ ಗೊತ್ತಿದ್ದ ಒಂದು ಸಂಗತಿಯಿತ್ತು: ಊರಲ್ಲಿ ಮನೆಗೊಬ್ಬರು ಮಲಗಿದ್ದರೂ ಗುಡ್ಡದ ಬುಡದ ವಿಹಾರದವರಲ್ಲಿ ಒಬ್ಬರೂ ಮಲಗಿರಲಿಲ್ಲ. ಅದೇ ಕೆರೆ, ಅದೇ ನೀರು. ಸತ್ತವರ ಕೌದಿಗಳನ್ನು ಊರಿನ ಹೆಂಗಸರು ಕೆರೆಗೆ ನೀರು ತರುವ ಕಾಲುವೆಯಲ್ಲಿ ಒಗೆಯುತ್ತಿದ್ದರು. ಅದರ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಧರ್ಮಾಕರನನ್ನು ಕರೆತಂದು ನಿಲ್ಲಿಸಿ, ಗೌಡ ಚಟ್ಟವ್ವೆಯನ್ನು ಕೇಳಿದ.

"ನೀ ಕಣ್ಣಾರೆ ಕಂಡಿಯೇನು?"

"ಕಂಡೀನ್ರಿ ಗೌಡ್ರ. ಅರಿವ್ಯಾಗಿಂದ ಏನೋ ಕೆರಿಗೆ ಜಾಡಿಸಿದ್ರು."

"ಏನು ಜಾಡಿಸಿದ?"

"ಏನಂತ ಕಾಣಲಿಲ್ರಿ."

"ಕಾಣಲಾರದ್ದು ಅಂದ ಮ್ಯಾಲ ಅದು ವಿಷಾನ," ಎಂದು ಹಿಂದಿನಿಂದ ಗಾಣಿಗರ ಬೂಚ ಕೂಗಿದ. "ಕಾಣೂದಾಗಿದ್ರ ಬೆಲ್ಲ ಅಂತಿದ್ವಿ."

ಚಟ್ಟವ್ವೆ ವಿಷವೆಂದು ಹೇಳಿರಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಮುದುಕ ಭಿಕ್ಷು ತಾನು ಮಾಡಿದ್ದನ್ನು ಮುಚ್ಚಿಡಲೂ ಇಲ್ಲ. ಹೌದು, ಜಾಡಿಸಿದೆ ಎಂದ. ನೀರಿನಲ್ಲಿ ಬಹಳ ಸಣ್ಣ ಜೀವಗಳಿರುತ್ತವೆ, ಸೋಸದೆ ಕುಡಿದರೆ ಅವು ನಮ್ಮ ಹೊಟ್ಟೆಯಲ್ಲಿ ಸಾಯುತ್ತವೆ, ಅದಕ್ಕೇ ಸೋಸಿ ಕುಡಿದು, ಅರಿವೆಯಲ್ಲಿ ಉಳಿದವನ್ನು ಅವುಗಳ ಮನೆಗೇ ಬಿಡುತ್ತೇವೆ, ನಮ್ಮ ಹಿರಿಯರ ಕಾಲದಿಂದ ಬಂದ ನೇಮ ಇದು ಎಂದ. ಏರಿಯ ಮೇಲೆ ಮೊದಲು ನಗು ಎದ್ದಿತು. "ಊರ ಮಂದಿ ಸಾಯಾಕತ್ತಾರ, ಈ ಅಯ್ಯಗ ಹುಳದ ಚಿಂತಿ!" ಎಂದರು. ಆಮೇಲೆ ಆ ನಗುವೇ ಸಿಟ್ಟಾಯಿತು. ಕೇತಗೌಡ ಒಂದು ಕೊಡ ನೀರು ತರಿಸಿದ. ಭಿಕ್ಷುವಿನ ಹೆಗಲ ಮೇಲಿದ್ದ ಸೋಸುವ ಅರಿವೆಯನ್ನು ಎಳೆದುಕೊಂಡು, ಅವನ ಬೋಗುಣಿಗೆ ನೀರು ಸುರಿದು, "ವಿಷ ಇಲ್ಲಂದ್ರ ಕುಡಿ," ಎಂದ.

ಧರ್ಮಾಕರ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡಿದನಂತೆ. "ಅರಿವೆ ಕೊಡಿ, ಕುಡಿಯುತ್ತೇನೆ," ಎಂದ. "ಅರಿವಿ ಇಲ್ದ ಕುಡಿ," ಎಂದ ಗೌಡ. ಮುದುಕ ಇನ್ನೊಮ್ಮೆ ನೋಡಿದ. ಬಾಗಿ, ಬೋಗುಣಿಯನ್ನು ಸದ್ದಾಗದಂತೆ ನೆಲದ ಮೇಲಿಟ್ಟ. ಅಲ್ಲಿಗೆ ತೀರ್ಮಾನವಾಯಿತು. ತಾನೇ ಹಾಕಿದ್ದು ಅದರಲ್ಲಿದೆ ಎಂದು ಬಲ್ಲವನಲ್ಲದೆ ಬೇರೆ ಯಾರು ನೀರು ಕುಡಿಯಲು ಹೆದರುತ್ತಾರೆ? ನೇಮವೆಂದರೆ ಪ್ರಾಣಕ್ಕಿಂತ ದೊಡ್ಡದೆನ್ನುವವರನ್ನು ಊರು ಕಥೆಯಲ್ಲಿ ಕೇಳಿತ್ತು, ಕಣ್ಣೆದುರು ನಿಂತಾಗ ಗುರುತಿಸಲಿಲ್ಲ. ಭಿಕ್ಷುಗಳನ್ನು ಅದೇ ದಿನ, ಸುರಿಯುವ ಮಳೆಯಲ್ಲೇ, ಅವರ ಕಟ್ಟಳೆ ಹೊರಡಬಾರದೆನ್ನುವ ತಿಂಗಳಲ್ಲೇ, ಊರಿನ ಎಲ್ಲೆ ದಾಟಿಸಿದರು. ಕೇತಗೌಡನ ಮನೆತನದವರು ಈ ಕಥೆ ಹೇಳುವಾಗ ಭಿಕ್ಷುಗಳು ತಾವಾಗಿಯೇ ಹೋದರು ಎನ್ನುತ್ತಾರೆ. ಮಳೆಗಾಲದಲ್ಲಿ ತಾವಾಗಿಯೇ ಹೋಗುವ ಭಿಕ್ಷುಗಳನ್ನು ಯಾರು ಕಂಡಿದ್ದಾರೋ ನಾನರಿಯೆ.

ಸೋಸುವ ಅರಿವೆ ತೂಬಿನ ಕಲ್ಲಿನ ಮೇಲೆ ಬಿದ್ದಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಎತ್ತಿಕೊಂಡವಳು ಚಟ್ಟವ್ವೆ. ಭಕ್ತಿಯಿಂದಲ್ಲ, ಪಶ್ಚಾತ್ತಾಪದಿಂದಲೂ ಅಲ್ಲ, ಅನುಮಾನದಿಂದಲೇ. ನೀರಿನಲ್ಲಿ ಹಾಕಿದ ವಿಷ ಯಾವುದೆಂದು ಕಣ್ಣಿಗೆ ಕಂಡರೆ ಅದಕ್ಕೆ ಮದ್ದು ಯಾವುದೆಂದು ತಿಳಿದೀತು, ಮಗಳು ಉಳಿದಾಳು ಎಂದು ಅವಳ ಲೆಕ್ಕ. ಮನೆಗೆ ತಂದು, ಮುದುಕ ಮಡಚುತ್ತಿದ್ದಂತೆಯೇ ಮಡಚಿ, ಒಂದು ಹೊಸ ಗಡಿಗೆಯ ಬಾಯಿಗೆ ಬಿಗಿದು ಕೆರೆಯ ನೀರು ಸುರಿದಳು. ಅರಿವೆಯ ಮೇಲೆ ಪುಡಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಇನ್ನೊಂದು ಕೊಡ ಸುರಿದಳು. ಅಷ್ಟರಲ್ಲಿ ಒಳಗಿನಿಂದ ಹೊನ್ನಿ ನೀರು ಕೇಳಿದಳು. ಮನೆಯಲ್ಲಿ ಇದ್ದುದು ಆ ಗಡಿಗೆಯ ನೀರೊಂದೇ. ಕೊಡಲೋ ಬೇಡವೋ ಎಂದು ತಾಯಿ ಬಟ್ಟಲು ಹಿಡಿದು ನಿಂತಳು. ವಿಷವೆಲ್ಲ ಅರಿವೆಯಲ್ಲಿ ಉಳಿದಿದ್ದರೆ, ಊರಿನಲ್ಲಿರುವ ನೀರಿನಲ್ಲೆಲ್ಲ ಇದರಲ್ಲೇ ವಿಷ ಕಡಿಮೆಯಿರಬೇಕಲ್ಲ ಎಂದು ತೋರಿತು. ಕುಡಿಸಿದಳು. ಹೀಗೆ ಅವಳು ವಿಷವನ್ನು ಹುಡುಕುತ್ತ ಸೋಸಿದಳು, ಮಗಳು ಸೋಸಿದ್ದನ್ನು ಕುಡಿಯುತ್ತ ಹೋದಳು. ವಿಷ ಸಿಗಲೇ ಇಲ್ಲ. ಒಂದು ಬೆಳಿಗ್ಗೆ ಹೊನ್ನಿ ಗೋಡೆಗೆ ಒರಗಿ ಕುಳಿತು, "ಯವ್ವಾ, ಹಸಿವಾಗೇತಿ," ಎಂದಳು.

ಅಂದು ಮಳೆ ನಿಂತು ಹೊಳವಾಗಿತ್ತು. ಚಟ್ಟವ್ವೆ ಅರಿವೆಯನ್ನು ಅಂಗಳದ ಬಿಸಿಲಿಗೆ ತಂದು ಹರವಿ ನೋಡಿದಳು. ಆಗ ಕಂಡವು. ಎಳ್ಳಿನ ಕಾಳಿನ ಅರ್ಧದಷ್ಟೂ ಇಲ್ಲದವು, ನೂಲಿನ ಎಳೆಯಂತೆ ತೆಳ್ಳಗಿನವು, ಒದ್ದೆ ಬಟ್ಟೆಯ ಮೇಲೆ ಮಿಡಿಯುತ್ತಿದ್ದವು. ಎಷ್ಟು ಹೊತ್ತು ನೋಡಿದಳೋ. ಏರಿಯ ಮೇಲೆ ತಾನು ಹೇಳಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆದರೂ ಅದು ನಿಜವಾಗಿರಲಿಲ್ಲ ಎಂದು ಅವಳಿಗೆ ಹೊಳೆದದ್ದು ಆಗಲೇ ಎನ್ನುತ್ತಾರೆ. ಬಿಸಿಲು ಏರಿದರೆ ಇವು ಒಣಗಿ ಹೋಗುತ್ತವೆ. ಅರಿವೆಯನ್ನು ಮುಚ್ಚಿ ಹಿಡಿದು ಕೆರೆಗೆ ಓಡಿದಳು, ಮುದುಕ ಕುಳಿತಲ್ಲೇ ಕುಕ್ಕರಗಾಲಲ್ಲಿ ಕುಳಿತು, ಮಗುಚಿ ನೀರಿಗೆ ಜಾಡಿಸಿದಳು. ತಿರುಗಿ ನೋಡಿದರೆ ಏರಿಯ ಮೇಲೆ ಗಾಣಿಗರ ಬೂಚ ನಿಂತಿದ್ದ.

"ಗೌಡ್ರ, ಬರ್ರಿ! ಬೋಳಯ್ಯ ಹ್ವಾದ, ಈಗ ಸೋಸವ್ವ ಹುಟ್ಯಾಳ!"

ಹೆಸರು ಬಂದದ್ದು ಹೀಗೆ, ಚುಚ್ಚುಮಾತಾಗಿ. ಗೌಡ ಬಂದ, ಮಂದಿ ಸೇರಿತು. ಚಟ್ಟವ್ವೆ ಮಗಳನ್ನು ಎತ್ತಿ ತಂದು ತೋರಿಸಿದಳು. ನಿಮ್ಮ ಮನೆಯಲ್ಲೂ ಸೋಸಿ ಕುಡಿಸಿ ನೋಡಿ ಎಂದಳು. ಗೌಡನ ಪ್ರಶ್ನೆ ಹಳೆಯದೇ: "ಊರೆಲ್ಲ ಮಲಗಿರುವಾಗ ನಿನ್ನ ಮಗಳೊಬ್ಬಾಕೀನ ಯಾಕ ಎದ್ಲು? ಅದನ್ನ ಮೊದಲ ಹೇಳು." ಗುಡ್ಡದವರು ಬದುಕಿದ್ದೇ ಅವರ ತಪ್ಪಿಗೆ ಸಾಕ್ಷಿಯಾಗಿತ್ತು. ಈಗ ಹೊನ್ನಿ ಬದುಕಿದ್ದು ತಾಯಿಯ ತಪ್ಪಿಗೆ ಸಾಕ್ಷಿಯಾಯಿತು. ಆಕೆಯನ್ನು ಊರು ಬಿಡಿಸುವ ಮಾತೂ ಎದ್ದಿತು. ಬಿಡಿಸಲಿಲ್ಲ. ಯಾಕೆಂದರೆ ಅಂದು ಸಂಜೆಯೇ ಬೂಚನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು, ತಲೆ ತಗ್ಗಿಸಿಕೊಂಡು, "ಹೆಂಗ ಮಡಚಬೇಕವ್ವಾ ಅದನ್ನ?" ಎಂದು ಕೇಳಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಗಂಡಸರು ಕಟ್ಟೆಯ ಮೇಲೆ ಮಾತಾಡುತ್ತಲೇ ಇದ್ದರು, ಒಳಗೆ ಮನೆ ಮನೆಯಲ್ಲೂ ಸೆರಗುಗಳು ಒದ್ದೆಯಾಗುತ್ತಿದ್ದವು. ಮಲಗಿದವರಲ್ಲಿ ಎದ್ದವರು ಹೆಚ್ಚಾದರು, ಹೊಸದಾಗಿ ಮಲಗುವವರು ಕಡಿಮೆಯಾದರು. ಯಾರ ಮನೆಯಲ್ಲಿ ಸೋಸುತ್ತಾರೆಂದು ಯಾರೂ ಹೇಳಿಕೊಳ್ಳಲಿಲ್ಲ. ಜಾಡಿಸಲು ಕೆರೆಗೆ ಬಂದವರು ಹಿಂದೆ ಮುಂದೆ ನೋಡಿಯೇ ಜಾಡಿಸಿದರು.

ವಿಹಾರದ ಹಲಗೆಯ ಸದ್ದು ನಿಂತುಹೋಗಿತ್ತು. ಹೊಲದಲ್ಲಿ ಹೆಂಗಸರಿಗೆ ಬುತ್ತಿ ಬಿಚ್ಚುವ ಹೊತ್ತು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುವಂತಾಗಿತ್ತು. ಭಿಕ್ಷುಗಳು ಬಹಳ ದೂರ ಹೋಗಿಲ್ಲ, ಹಿರೇಹಳ್ಳ ದಾಟಿ ಆಚೆ ದಂಡೆಯ ಹುಣಸೆಮರದ ಕೆಳಗೆ ಕುಳಿತಿದ್ದಾರೆ, ಅವರು ದಾಟಿದ ಮೇಲೆ ಹಳ್ಳಕ್ಕೆ ಮಹಾಪೂರ ಬಂದಿದೆ ಎಂಬ ಸುದ್ದಿ ಆಗ ಬಂತು. ಚಟ್ಟವ್ವೆ ಆ ಹೊಸ ಗಡಿಗೆಯ ತುಂಬ ನೀರು ಸೋಸಿ, ತಲೆಯ ಮೇಲಿಟ್ಟುಕೊಂಡು, ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಹೊರಟಳು. ಊರು ಕುಡಿ ಎಂದು ಒಡ್ಡಿದ್ದನ್ನು ಮುದುಕ ಭಿಕ್ಷು ಕುಡಿದಿರಲಿಲ್ಲ. ಊರಿನ ಕೈಯಿಂದ ಕುಡಿಯಬಹುದಾದ ಒಂದು ಗುಟುಕನ್ನಾದರೂ ಅವನು ಕುಡಿದು ಹೋಗಲಿ, ಅಷ್ಟಾದರೆ ಸಾಕೆಂದು ಅವಳ ಮನಸ್ಸು. ಕೆಂಪು ನೀರು ನಡುವೆ ಹರಿಯುತ್ತಿತ್ತು. ಆಚೆ ದಂಡೆಗೆ ಕೇಳುವಂತೆ ಅವಳು ಕೂಗಿ ಕರೆದಳು.

ಅಲ್ಲಿಂದ ಮುಂದೆ ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಗಿದೆ. ಮುದುಕ ಎದ್ದು ನಿಂತು ಬೋಗುಣಿ ಚಾಚಿದ ಎನ್ನುತ್ತಾರೆ ಕೆಲವರು. ಗೌಡರ ಮನೆಯವರು ಆಚೆ ದಂಡೆಯಲ್ಲಿ ಯಾರೂ ಇರಲೇ ಇಲ್ಲ ಎನ್ನುತ್ತಾರೆ. ಅವನಿಗೂ ಈಗ ಊರಿನ ನೀರಿನ ಮೇಲೆ ಅನುಮಾನ ಬಂದಿತ್ತು, ಅದಕ್ಕೇ ತಿರುಗಿ ನೋಡಲಿಲ್ಲ ಎನ್ನುವವರೂ ಇದ್ದಾರೆ. ಈ ಮೂರನೆಯ ಮಾತನ್ನು ಆಡುವವರು ದನಿ ತಗ್ಗಿಸಿ ಆಡುತ್ತಾರೆ. ತಿಪ್ಪವ್ವಜ್ಜಿಯನ್ನು ಕೇಳಿದರೆ, "ನೋಡಿದಾಕಿ ಆಕಿ ಒಬ್ಬಾಕಿ. ಆಕಿ ಹೇಳಲಿಲ್ಲ. ನಾ ಹೆಂಗ ಹೇಳಲಿ?" ಎನ್ನುತ್ತಾರೆ. ಹೇಳುವವರೆಲ್ಲ ಒಪ್ಪುವುದು ಇಷ್ಟನ್ನೇ. ಮಹಾಪೂರ ಇಳಿದ ಮೇಲೆ ಹುಣಸೆಮರದ ಕೆಳಗೆ ಯಾರೂ ಇರಲಿಲ್ಲ. ಚಟ್ಟವ್ವೆ ತುಂಬಿದ ಗಡಿಗೆಯೊಂದಿಗೆ ತಿರುಗಿ ಬಂದು, ನೇರವಾಗಿ ವಿಹಾರಕ್ಕೆ ಹೋಗಿ, ದೀಪವಿಲ್ಲದೆ ಕುಳಿತಿದ್ದ ತಾರೆಯ ಚಾಚಿದ ಅಂಗೈಗೆ ಆ ಅರಿವೆಯನ್ನು ಕಟ್ಟಿದಳು. ಬದುಕಿರುವವರೆಗೆ ಆ ಗುಡಿಯಲ್ಲಿ ಕಸ ಹೊಡೆದಳು. ಅವಳು ಹೋದ ಮೇಲೆ ಮೂರ್ತಿಗೂ ಅವಳ ಹೆಸರೇ ನಿಂತಿತು, ಕೆರೆಗೂ ಅದೇ ನಿಂತಿತು. ಚುಚ್ಚಲು ಇಟ್ಟ ಹೆಸರಿಗೆ ಊರು ಈಗ ಕೈ ಮುಗಿಯುತ್ತದೆ. ಬೂಚನ ವಂಶದವರು ವರ್ಷಕ್ಕೊಮ್ಮೆ ಗುಡಿಗೆ ಎಣ್ಣೆ ಕೊಡುತ್ತಾರೆ. ಯಾಕೆಂದು ಕೇಳಿದರೆ, ಕೊಡುತ್ತ ಬಂದಿದ್ದೇವೆ ಎನ್ನುತ್ತಾರೆ, ಅಷ್ಟೆ.

ಇಂದಿಗೂ ಇಲ್ಲಿಗೆ ಬಂದವರು ಅರಿವೆ ಕಟ್ಟಿದ ಅಂಗೈಯನ್ನೂ, ಬಾಗಿದ ಇಟ್ಟಿಗೆ ಸಾಲನ್ನೂ ನೋಡಬಹುದು. ಗುಡಿಯ ಸೂರಿನಿಂದ ಮರದ ಹಲಗೆಯೊಂದು ತೂಗುತ್ತದೆ. ಹಳೆಯದನ್ನು ಎಂದೋ ಗೆದ್ದಲು ತಿಂದಿತಂತೆ, ಇದು ಹಳೆಯ ಬಾಗಿಲಿನದು. ಅಜ್ಜಿ ಮಧ್ಯಾಹ್ನ ಅದಕ್ಕೆ ಬಡಿಯುತ್ತಾರೆ, ಹೊಲದಲ್ಲಿ ಮೊಬೈಲು ಇಟ್ಟುಕೊಂಡವರೂ ಆ ಸದ್ದಿಗೇ ಬುತ್ತಿ ಬಿಚ್ಚುತ್ತಾರೆ. ಮಳೆಗಾಲದಲ್ಲಿ ಹಿರೇಹಳ್ಳಕ್ಕೆ ಮೊದಲ ಪೂರ ಬಂದ ದಿನ ಊರಿನ ಹೆಂಗಸರು ಹೊಸ ಗಡಿಗೆಯಲ್ಲಿ ನೀರು ಸೋಸಿಕೊಂಡು ದಂಡೆಗೆ ಹೋಗುತ್ತಾರೆ. ಈ ವರ್ಷ ನಾನೂ ಹಿಂದೆ ಹಿಂದೆ ಹೋಗಿದ್ದೆ. ಹಾಡಿಲ್ಲ, ವಾದ್ಯವಿಲ್ಲ. ಆಚೆ ದಂಡೆಯಲ್ಲಿ ಈಗ ಹುಣಸೆಮರವೂ ಇಲ್ಲ, ಜಾಲಿಯ ಪೊದೆಗಳಿವೆ. ಎಲ್ಲರೂ ಆ ಕಡೆ ಮುಖ ಮಾಡಿ ನಿಂತ ಮೇಲೆ ತಿಪ್ಪವ್ವಜ್ಜಿ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಹಿಂದಕ್ಕೆ ತಿರುಗಿ ನೋಡಲಿಲ್ಲ. ನೀರಿನ ಸದ್ದನ್ನು ಮೀರಿ ಕೂಗಿದರು:

"ಯಪ್ಪಾ, ಸೋಸಿದ ನೀರೈತಿ. ಒಂದು ಗುಟುಕು ಕುಡಿದು ಹೋಗ್ರಿ."